ಮೊಲ ತಿರುಗಿ ಬಿದ್ದ ಊರು

ಮೇ ತಿಂಗಳಲ್ಲಿ ಊರು ಬಿಡುವ ನಿರ್ಧಾರ ಮಾಡಬಾರದು ಎಂದು ಹಿರಿಯರು ಹೇಳಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಬೀದರ ಜಿಲ್ಲೆಯ ನಮ್ಮ ಕಮಠಾಣದಲ್ಲಿ ಮೇ ಎಂದರೆ ಬೆಳಿಗ್ಗೆ ಹತ್ತಕ್ಕೇ ತಗಡಿನ ಕೆಳಗೆ ಕೂತವನ ನೆತ್ತಿ ಕಾಯತೊಡಗುತ್ತದೆ. ಫ್ಯಾನು ಅದೇ ಬಿಸಿಗಾಳಿಯನ್ನು ತಿರುವಿ ತಿರುವಿ ಬಡಿಸುತ್ತದೆ, ಕರೆಂಟು ಹೋದರೆ ಅದಕ್ಕೂ ಗತಿಯಿಲ್ಲ. ಅಂಥದೊಂದು ಮಧ್ಯಾಹ್ನ, ನಿವೃತ್ತನಾಗಿ ಪಿಂಚಣಿ ಎಣಿಸಿಕೊಂಡಿರುವ ಈ ಇತಿಹಾಸದ ಮಾಸ್ತರನಿಗೆ ಹೊಳೆಯಿತು: ಹವಾ ಚಲೋ ಇರುವ ಊರೊಂದನ್ನು ಹುಡುಕಿ ಅಲ್ಲೇಕೆ ನೆಲೆಸಬಾರದು?

ಇಂಥದು ಹೊಳೆದವರಲ್ಲಿ ನಾನು ಮೊದಲಿಗನಲ್ಲ. ಬೀದರ ದೊಡ್ಡದಾದದ್ದೇ ಇಂಥ ಒಂದು ಹೊಳಹಿನಿಂದ. 1422ರಲ್ಲಿ ಕಲಬುರಗಿಯಲ್ಲಿ ಗದ್ದುಗೆ ಏರಿದ ಬಹಮನಿ ಸುಲ್ತಾನ ಅಹ್ಮದ್ ಷಾ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಗಂಟುಮೂಟೆ ಸಮೇತ ಎತ್ತಿಕೊಂಡು ಬೀದರಿಗೆ ಬಂದ. ಕಾರಣ? ಬೇಟೆಗೆ ಬಂದಾಗ ನರಿಯೊಂದು ಅವನ ಬೇಟೆನಾಯಿಗಳ ಮೇಲೆಯೇ ತಿರುಗಿ ಬಿತ್ತಂತೆ. ನರಿಗೇ ಇಷ್ಟು ಎದೆ ಕೊಡುವ ಹವಾ ಮನುಷ್ಯನಿಗೆ ಇನ್ನೆಷ್ಟು ಕೊಟ್ಟೀತು ಎಂದು ಸುಲ್ತಾನ ಅಲ್ಲೇ ನಿಶ್ಚಯಿಸಿದನಂತೆ. ನರಿಯಲ್ಲ, ಮೊಲ ಎನ್ನುವವರೂ ಇದ್ದಾರೆ. ನಾನು ತರಗತಿಯಲ್ಲಿ ಯಾವಾಗಲೂ ಮೊಲದ ಪಕ್ಷ. ಮೊಲ ಎಂದರೆ ಹಿಂದಿನ ಬೆಂಚಿನವರೂ ಎಚ್ಚರಾಗುತ್ತಾರೆ.

ಈ ಮೊಲ ಸಾಮಾನ್ಯದ್ದಲ್ಲ. 1411ರಲ್ಲಿ ಅಹಮದಾಬಾದ್ ಕಟ್ಟಿದ ಗುಜರಾತಿನ ಸುಲ್ತಾನನಿಗೂ (ಅವನ ಹೆಸರೂ ಅಹ್ಮದ್ ಷಾ!) ಸಾಬರಮತಿಯ ದಂಡೆಯಲ್ಲಿ ನಾಯಿಯನ್ನು ಅಟ್ಟುವ ಮೊಲವೇ ಜಾಗ ತೋರಿಸಿತೆಂದು ಆ ಊರಿನವರು ಹೇಳುತ್ತಾರೆ. ಅದಕ್ಕೂ ಮೊದಲು ತುಂಗಭದ್ರೆಯ ದಂಡೆಯಲ್ಲಿ ಹರಿಹರ, ಬುಕ್ಕರ ನಾಯಿಗಳ ಮೇಲೂ ಒಂದು ಮೊಲ ಎಗರಿ ವಿಜಯನಗರಕ್ಕೆ ನಿವೇಶನ ಮಂಜೂರು ಮಾಡಿತ್ತು. ಒಟ್ಟಿನಲ್ಲಿ ಆ ಕಾಲದಲ್ಲಿ ನಗರಯೋಜನೆ ಇಲಾಖೆ ಪೂರ್ತಿ ಮೊಲಗಳ ಕೈಯಲ್ಲೇ ಇತ್ತು.

ಪುಸ್ತಕಗಳು ಬೇರೆ ಕಾರಣಗಳನ್ನೂ ಕೊಡುತ್ತವೆ. ಅಣ್ಣ ಫಿರೋಜ್ ಷಾನ ಕೈಯಿಂದ ಗದ್ದುಗೆ ಕಿತ್ತುಕೊಂಡ ಊರಿನಲ್ಲಿ ನಿದ್ದೆ ಬರುವುದು ಕಷ್ಟ. ಬೆನ್ನಿಗಿದ್ದ ಸೂಫಿ ಸಂತ ಬಂದೇನವಾಜರು ಅದೇ 1422ರಲ್ಲಿ ತೀರಿಕೊಂಡಿದ್ದರು. ಬೀದರವೋ ಕನ್ನಡ, ಮರಾಠಿ, ತೆಲುಗು ಮೂರೂ ಸೇರುವಲ್ಲಿ, ರಾಜ್ಯದ ನಟ್ಟನಡುವೆ, 2,000 ಅಡಿಗೂ ಎತ್ತರದ ಕೆಂಪು ಕಲ್ಲಿನ ಗುಡ್ಡದ ಮೇಲೆ ಭದ್ರವಾಗಿ ಕೂತಿತ್ತು. ಇಷ್ಟೆಲ್ಲ ಒಳಗಿಟ್ಟುಕೊಂಡು ಸುಲ್ತಾನ ಹೊರಗೆ 'ಹವಾ' ಎಂದ. ನನಗೂ ಒಳಗಿನ ಕಾರಣಗಳಿದ್ದವು. ಪಕ್ಕದ ಮನೆಯವರ ಧ್ವನಿವರ್ಧಕ ಅದರಲ್ಲೊಂದು. ಕೇಳಿದವರಿಗೆ ಮಾತ್ರ ನಾನೂ ಸುಲ್ತಾನನ ಹಾಗೆ 'ಹವಾ' ಎಂದೇ ಹೇಳಿದೆ.

ನಮ್ಮ ಮನೆಯವರು ಇತಿಹಾಸ ಓದಿಲ್ಲ, ಆದರೆ ಇತಿಹಾಸದ ಮಾಸ್ತರನ ಜೊತೆ ಬಾಳಿದ್ದಾರೆ. "ಸುಲ್ತಾನ ಕಲಬುರ್ಗಿಯಿಂದ ಬೀದರಕ್ಕ ಬಂದ, ನೂರು ಚಿಲ್ಲರ ಕಿಲೋಮೀಟರ್. ತುಘಲಕ ದಿಲ್ಲಿಯಿಂದ ದೌಲತಾಬಾದ್‌ಗೆ ಹೊಂಟ. ಅವನ ಗತಿ ಏನಾಯ್ತು ಅಂತ ನೀವೇ ಹುಡುಗರಿಗೆ ಹೇಳ್ತಿದ್ರಿ. ಈಗ ನೀವು ಯಾರ ಪೈಕಿ, ಅದಷ್ಟು ಹೇಳ್ರಿ" ಎಂದರು. ಇದೇ ಮುಹಮ್ಮದ್ ಬಿನ್ ತುಘಲಕ್ ರಾಜಕುಮಾರನಾಗಿದ್ದಾಗ ಬೀದರ ಕೋಟೆಯನ್ನು ಗೆದ್ದಿದ್ದ, ಇಲ್ಲಿಯ ಹವಾ ಕುಡಿದಿದ್ದ. ಆದರೂ 1327ರಲ್ಲಿ ದೌಲತಾಬಾದನ್ನು ಆರಿಸಿದ. ಬಹುಶಃ ಅವನಿಗೆ ಮೊಲ ಸಿಕ್ಕಿರಲಿಲ್ಲ.

ನಾನು ಹಾಗೆ ಮೈಮರೆಯುವವನಲ್ಲ. ಒಂದು ನೋಟುಪುಸ್ತಕ ತಂದು ಕಾಲಂ ಎಳೆದೆ: ಹವಾ, ನೀರು, ದವಾಖಾನೆ, ಬಾಡಿಗೆ, ಜೋಳದ ರೊಟ್ಟಿ, ಮೊಲ. ಆಮೇಲೆ ನೆಂಟರು, ಹಳೆಯ ಶಿಷ್ಯರು, ಶಿಷ್ಯರ ನೆಂಟರು ಎಲ್ಲೆಲ್ಲಿ ಇದ್ದರೋ ಅಲ್ಲೆಲ್ಲ ಹವಾ ನೋಡಲು ಹೊರಟೆ. ಧಾರವಾಡದಲ್ಲಿ ಹವಾ ಉತ್ತಮ, ಆದರೆ ಓಣಿಗೊಬ್ಬ ಸಾಹಿತಿ, ನಾನು ಬರೆದದ್ದನ್ನು ಓದಲು ಯಾರೂ ಉಳಿಯುವುದಿಲ್ಲ. ಮಡಿಕೇರಿಯಲ್ಲಿ ಒಗೆದು ಹಾಕಿದ ಧೋತರ ಹಾಗೇ ಹಸಿಯಾಗಿ ನನ್ನ ಜೊತೆ ವಾಪಸು ಬಂತು. ಆಗುಂಬೆಗೆ ಹೋಗಲೇ ಇಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿಗೆ, ಅದರ ಎಂಟನೇ ಒಂದು ಪಾಲನ್ನೂ ಹಿಡಿಯಲು ಒದ್ದಾಡುವ ಜಿಲ್ಲೆಯವನು ಹೋಗುವುದು ಹೊಟ್ಟೆಕಿಚ್ಚಿಗೆ ದಾರಿ. ಕಾರವಾರದಲ್ಲಿ ಬೆವರು. ಬೆಂಗಳೂರಿನ ಹವಾ ಈಗಲೂ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು, ಬಸ್ಸಿನ ಗಾಜು ಮುಚ್ಚಿಕೊಂಡು.

ಉಳಿದದ್ದು ಮೈಸೂರು. ಮೊಲದ ಕಾಲಂ ಒಂದು ಬಿಟ್ಟು ಎಲ್ಲದರಲ್ಲೂ ಪಾಸು. ರೊಟ್ಟಿ ಬಡಿಯುವ ಉತ್ತರ ಕರ್ನಾಟಕದ ಖಾನಾವಳಿ ಸಹ ಸಿಕ್ಕಿತ್ತು. ಹೀಗಾಗಿ ಒಂದು ನಸುಕಿನಲ್ಲಿ, ತಲೆಗೆ ಕುಲಾವಿ, ಹೆಗಲಿಗೆ ಶಾಲು, ಜೇಬಿಗೆ ಪಾರ್ಲೆ-ಜಿ ಪೊಟ್ಟಣ ಏರಿಸಿಕೊಂಡು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕೊನೆಯ ಪರೀಕ್ಷೆಗೆ ಹೋದೆ. ಅಲ್ಲಿ ಮೊಲ ಸಿಗುವುದಿಲ್ಲ ಎಂದು ಗೊತ್ತಿತ್ತು. ಮೊಲವಿಲ್ಲದಲ್ಲಿ ಅಳಿಲು ನಡೆಯುತ್ತದೆ ಎಂದು ಹಿಂದಿನ ರಾತ್ರಿಯೇ ನಿಯಮ ತಿದ್ದಿದ್ದೆ. ಲಂಕೆಗೆ ಸೇತುವೆ ಕಟ್ಟಲು ಹೋದ ಪ್ರಾಣಿ, ಒಂದು ನಾಯಿಯನ್ನು ಅಟ್ಟಲಾರದೆ?

ನಾಯಿ ಕೂಡಲೇ ಸಿಕ್ಕಿತು. ಕಂದು ಬಣ್ಣದ್ದು, ಕಲ್ಲುಬೆಂಚಿನ ಕೆಳಗೆ ಮಲಗಿತ್ತು. ಸ್ವಲ್ಪ ಹೊತ್ತಿಗೆ ಅಳಿಲೂ ಮರದಿಂದ ಇಳಿಯಿತು. ಅಳಿಲು ನಾಯಿಯನ್ನು ನೋಡಿತು. ನಾನು ಅಳಿಲನ್ನು ನೋಡಿದೆ. ನಾಯಿ ಯಾರನ್ನೂ ನೋಡಲಿಲ್ಲ. ಸುಲ್ತಾನನಿಗೆ ಈ ತೊಂದರೆ ಇರಲಿಲ್ಲ, ಅವನ ನಾಯಿಗಳು ಅರಮನೆಯ ಸಂಬಳದಲ್ಲಿದ್ದವು, ಕರೆದಾಗ ಓಡುತ್ತಿದ್ದವು. ಇದು ಸ್ವತಂತ್ರ ಭಾರತದ ನಾಯಿ. ಕಾದೆ, ಕೆಮ್ಮಿದೆ, ಬೆಂಚಿಗೆ ಮೆಲ್ಲಗೆ ತಟ್ಟಿದೆ. ಕೊನೆಗೆ ಇತಿಹಾಸವನ್ನು ಸ್ವಲ್ಪ ಮುಂದಕ್ಕೆ ನೂಕುವುದು ಅನಿವಾರ್ಯವೆನಿಸಿ, ಇಬ್ಬರಿಗೂ ಅನ್ಯಾಯವಾಗದಂತೆ ಅಂತರವನ್ನು ಗೇಣಿನಲ್ಲಿ ಅಳೆದು, ಸರಿಯಾಗಿ ನಡುವೆ ಒಂದು ಬಿಸ್ಕೀಟು ಇಟ್ಟೆ. ಗೇಣು ಹಾಕುತ್ತ ಮೊಣಕಾಲೂರಿ ಹೋಗುತ್ತಿದ್ದ ನನ್ನನ್ನು ವಾಯುವಿಹಾರಿಗಳಿಬ್ಬರು ಯಾವುದೋ ಹರಕೆಯವನೆಂದು ತಿಳಿದು ದಾರಿ ಬಿಟ್ಟರು.

ಅಳಿಲು ಬಂದು ಬಿಸ್ಕೀಟನ್ನು ಎರಡೂ ಕೈಯಲ್ಲಿ ಹಿಡಿಯಿತು. ನಾಯಿ ಒಂದು ಕಣ್ಣು ತೆರೆಯಿತು. ನನ್ನ ಎದೆ ಡವಗುಟ್ಟಿತು. ಮೈಸೂರಿನಲ್ಲಿ ಬಾಡಿಗೆ ಮನೆ, ಮುಂದೆ ಮಲ್ಲಿಗೆ ಬಳ್ಳಿ, ಎಲ್ಲ ಕಣ್ಣ ಮುಂದೆ ಬಂತು. "ತಿರುಗಿ ಬೀಳವ್ವ, ಬೀಳು" ಎಂದು ಪಿಸುಗುಟ್ಟಿದೆ. ನಾಯಿ ಎದ್ದು ಮೈ ಮುರಿಯಿತು, ಅಳಿಲಿನ ಪಕ್ಕದಲ್ಲೇ ಹಾದು, ಅದರ ಕಡೆ ತಿರುಗಿಯೂ ನೋಡದೆ, ನೇರ ನನ್ನ ಹತ್ತಿರ ಬಂದು ಜೇಬನ್ನು ಮೂಸಿತು. ಬಿಸ್ಕೀಟಿನ ಮೂಲಸ್ಥಾನ ಅದಕ್ಕೆ ತಿಳಿದಿತ್ತು. ಅಳಿಲು ತನ್ನ ಪಾಲಿನೊಂದಿಗೆ ಮರ ಏರಿತು. ಪೊದೆಯಿಂದ ಇನ್ನೊಂದು ನಾಯಿ ಬಂತು. ಅದರ ಹಿಂದೆ ಅದರ ಬಳಗ. ನಾನು ನಡೆದೆ, ಅವೂ ನಡೆದವು. ನಾನು ಬಿರುಸಾದೆ, ಅವೂ ಬಿರುಸಾದವು. ಆಮೇಲೆ ನಾನು ಓಡಿದೆ ಎಂದು ನೋಡಿದವರು ಹೇಳಬಹುದು. ಕುಲಾವಿ ಕಣ್ಣಿಗಿಳಿದಿತ್ತು, ಶಾಲು ಒಂದು ಹೆಗಲಿಗೆ ಜೋತಿತ್ತು. ಆಗ, ಓಡುತ್ತ ಓಡುತ್ತಲೇ, ಪರೀಕ್ಷೆಯ ನಿಯಮ ನೆನಪಾಯಿತು. ಅಟ್ಟಿಬರುವ ನಾಯಿಗಳಿವೆ. ಮುಂದೆ ಓಡುವ ಪ್ರಾಣಿಯೊಂದಿದೆ. ಅಂದರೆ ಮೊಲ ನಾನೇ!

ಶಾಸ್ತ್ರ ತಪ್ಪುವಂತಿಲ್ಲ. ಗಕ್ಕನೆ ನಿಂತು, ತಿರುಗಿ, ನೋಟುಪುಸ್ತಕ ಎತ್ತಿ, ಸೇವೆಯ ಉದ್ದಕ್ಕೂ ಕಟ್ಟಕಡೆಯ ಬೆಂಚಿಗೆಂದೇ ಸಾಕಿದ ದನಿಯಲ್ಲಿ "ಏ, ಕೂಡ್ರಿ!" ಎಂದೆ. ನಾಯಿಗಳು ಏಳನೇ ತರಗತಿಯ ಹುಡುಗರಂತೆ ಸಾಲಾಗಿ ಕೂತುಬಿಟ್ಟವು.

ಉಸಿರು ಸರಿಯಾದ ಮೇಲೆ ಪೆನ್ನು ತೆಗೆದೆ. ಇಲ್ಲೊಂದು ತೊಡಕು ಎದುರಾಯಿತು. ಮೊಲ ತಿರುಗಿ ಬಿದ್ದದ್ದು ನಿಜ. ಆದರೆ ಬಿದ್ದ ಮೊಲ ಬೀದರದ್ದು. ಆ ಧೈರ್ಯ ಕಮಠಾಣದ ಹವಾದ್ದೋ, ಆ ಬೆಳಗಿನ ಮೈಸೂರಿನ ಹವಾದ್ದೋ? ಅಂಕ ಯಾವ ಊರಿಗೆ? ಇಷ್ಟರಲ್ಲಿ ಎಲ್ಲವನ್ನೂ ನೋಡಿದ ಹಿರಿಯರೊಬ್ಬರು ಹತ್ತಿರ ಬಂದು, "ಯಾವೂರಾಯ್ತು ತಮ್ಮದು?" ಎಂದರು.

"ಬೀದರ."

"ಓ, ಮಹಾರಾಷ್ಟ್ರ! ಆದ್ರೂ ಕನ್ನಡ ಪರವಾಗಿಲ್ಲ, ಚೆನ್ನಾಗೇ ಮಾತಾಡ್ತೀರಿ." ಮುಂದುವರಿದು, "ನಮ್ಮ ಭಾವನ್ನ ಒಂದು ಸಲ ಬೀದರಿಗೆ ಎತ್ತಂಗಡಿ ಮಾಡಿಬಿಟ್ಟಿದ್ರು, ಪಾಪ. ಏನು ತಪ್ಪು ಮಾಡಿದ್ರೋ" ಎಂದು ಮರುಗಿದರು.

ನಾಯಿಗಳ ಎದುರು ತೋರಿಸಿದ ಧೈರ್ಯ ಹಿರಿಯರ ಎದುರು ಬರಲಿಲ್ಲ. ಅವರಿಗೆ ಹೇಳದೆ ನುಂಗಿದ್ದನ್ನು ಇಲ್ಲಿ ಹೇಳುತ್ತೇನೆ. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನಿನಿಂದ ಹೊರಟ ಮಹಮೂದ್ ಗವಾನ್ ಬೀದರಿಗೆ ಬಂದು ನೆಲೆಸಿ 1472ರಲ್ಲಿ ಮದರಸಾ ಕಟ್ಟಿದ. ಇರಾನಿನ ಕಿರ್ಮಾನಿನಿಂದ ಸೂಫಿ ಮನೆತನವೊಂದು ಸುಲ್ತಾನನ ಕರೆಗೆ ಓಗೊಟ್ಟು ಬಂದು ಇಲ್ಲೇ ಮಣ್ಣಾಯಿತು. ಹವಾ ಮೆಚ್ಚಿ ಬಂದ ಅಹ್ಮದ್ ಷಾ ಅಷ್ಟೂರಿನ ಗುಮ್ಮಟದೊಳಗೆ ಇನ್ನೂ ಇದ್ದಾನೆ. ಒಬ್ಬರಿಗೆ ಅವನು ವಲಿ, ಇನ್ನೊಬ್ಬರಿಗೆ ಅಲ್ಲಮಪ್ರಭು, ಉರುಸಿಗೆ ಕಲಬುರಗಿ ಕಡೆಯಿಂದ ಜಂಗಮರು ಬರುತ್ತಾರೆ. ಅವರೆಲ್ಲ ಕಡಲು ದಾಟಿ, ಕುದುರೆ ಏರಿ ಬಂದರು. ಈಗಿನ ನೌಕರರಿಗೆ ಮೈಸೂರಿನಿಂದ ಬಸ್ಸು ಹತ್ತಲು ಜೀವ ಹೋಗುತ್ತದೆ. ರಾಜ ಮೆಚ್ಚಿ ರಾಜಧಾನಿ ಮಾಡಿಕೊಂಡ ಊರು ಇಂದು ಗುಮಾಸ್ತನನ್ನು ಹೆದರಿಸುವ ಬೆದರುಬೊಂಬೆ. ಸಿನಿಮಾದ ಮಂತ್ರಿಯೂ "ಬೀದರಿಗೆ ಹಾಕಿಸ್ತೀನಿ" ಎಂದೇ ಗುಡುಗುತ್ತಾನೆ, ಚಿತ್ರಮಂದಿರ ನಗುತ್ತದೆ. ಬೀದರಿನ ಚಿತ್ರಮಂದಿರದಲ್ಲಿ ಕೂತು ನಾನೂ ನಕ್ಕಿದ್ದೇನೆ.

ಮರಳಿ ಬೀದರ ಬಸ್ ನಿಲ್ದಾಣದಲ್ಲಿ ಇಳಿದಾಗ ದೀಪಾವಳಿ ಆಗಷ್ಟೇ ಮುಗಿದಿತ್ತು. ಔರಾದ್ ಕಡೆಯ ತಾಂಡಾದ ಕುಟುಂಬವೊಂದು ಅಲ್ಯೂಮಿನಿಯಂ ಕೊಡ, ಕೌದಿಯ ಗಂಟು, ಕಂಕುಳಲ್ಲೊಂದು ಕೂಸು, ಬಗಲಲ್ಲಿ ಶಾಲೆಯ ಚೀಲ ಬಿಡದೆ ಹಿಡಿದಿದ್ದ ಹುಡುಗಿ ಸಮೇತ ಕೂತಿತ್ತು. ಎಲ್ಲಿಗೆ ಎಂದೆ. "ಕಬ್ಬ ಕಡೀಲಾಕ್ರಿ, ಪುಣೆ ಕಡಿ" ಎಂದ ಯಜಮಾನ. ಚಟ ಬಿಡಬೇಕಲ್ಲ, "ಅಲ್ಲಿ ಹವಾ ಹ್ಯಾಂಗದ?" ಎಂದು ಕೇಳಿಬಿಟ್ಟೆ. ನಾನು ಕುಡಿದಿದ್ದೇನೆಯೇ ಎಂದು ಒಮ್ಮೆ ನೋಡಿ, "ಹವಾದ್ದೇನ್ರಿ ಸಾಹೇಬ್ರ, ಮುಕಾದಮ ಅಡ್ವಾನ್ಸ್ ಕೊಟ್ಟಾನ" ಎಂದ. ಆರು ಕಾಲಂ ಎಳೆಯುವವನು ಪಿಂಚಣಿದಾರ. ಆ ಯಜಮಾನನ ಪುಸ್ತಕದಲ್ಲಿ ಇರುವುದು ಒಂದೇ ಕಾಲಂ, ಅದನ್ನೂ ತುಂಬುವವನು ಆಳು ಕೂಡಿಸುವ ಮುಕಾದಮ. ಆ ಹುಡುಗಿ ಯಾವ ಶಾಲೆಯ ಹಾಜರಿಯಲ್ಲಿ ಇನ್ನು ಆರು ತಿಂಗಳು 'ಗೈರು' ಎಂದು ಉಳಿಯುತ್ತಾಳೆ ಎಂಬುದು ಮಾಸ್ತರನಾಗಿದ್ದವನಿಗೆ ಗೊತ್ತು. ಅಂಥ ಗೆರೆಗಳನ್ನು ನಾನೇ ಎಳೆದಿದ್ದೇನೆ.

ಚಳಿಗಾಲ ಬಂತು. ರಾಜ್ಯದ ಅತಿ ಕಡಿಮೆ ಉಷ್ಣಾಂಶ ಬೀದರಿನಲ್ಲಿ ಎಂದು ಪತ್ರಿಕೆ ಬರೆಯಿತು, ನಾನು ಕತ್ತರಿಸಿ ಇಟ್ಟುಕೊಂಡೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊಡೆಯುವಾಗ ಧಾರವಾಡವೂ ಮೈಸೂರೂ ತಾವಾಗಿಯೇ ಕೆಳಗಿಳಿದವು. "ಎಲ್ಲಾ ಊರಿಗೂ ಮಾರ್ಕ್ ಕೊಟ್ರಿ, ನಮ್ಮೂರು ಏನ್ ಪಾಪ ಮಾಡ್ಯದ?" ಎಂದು ಮನೆಯವರು ಕೇಳಿದರು. ನ್ಯಾಯವೆನಿಸಿತು. ಬೇಸಿಗೆಯಲ್ಲಿ ಕಮಠಾಣದ ಕೆರೆಯ ಏರಿಗೆ ಹೋದೆ. ನೀರು ಹಿಂಜರಿದ ಬಯಲಿನಲ್ಲಿ ಟಿಟ್ಟಿಭವೊಂದು ಮರಿ ಮಾಡಿತ್ತು. ಊರ ನಾಯಿ ಆ ಕಡೆ ಕಾಲಿಟ್ಟಿತೋ ಇಲ್ಲವೋ, ಹಿಡಿಯಷ್ಟು ಹಕ್ಕಿ ಚೀರುತ್ತ ಎರಗಿ ಎರಗಿ ಅದನ್ನು ಬಾಲ ಮುದುರಿಸಿ ಊರೊಳಗೆ ಅಟ್ಟಿತು. ಬಿಸ್ಕೀಟು ಇಲ್ಲ, ಗೇಣು ಇಲ್ಲ, ನನ್ನ ಹಸ್ತಕ್ಷೇಪ ಲವಲೇಶವೂ ಇಲ್ಲ. ನೂರಕ್ಕೆ ನೂರು.

ಶಾಸ್ತ್ರದ ಪ್ರಕಾರ ಇಂಥ ಜಾಗವನ್ನು ಬಿಟ್ಟು ಹೋಗುವುದಲ್ಲ, ಇಲ್ಲಿಗೆ ರಾಜಧಾನಿ ತರುವುದು. ಆದ್ದರಿಂದ ಸದ್ಯ ಒಂದು ಮನವಿ ಬರೆಯುತ್ತಿದ್ದೇನೆ. ವಿಷಯ: ಕರ್ನಾಟಕದ ರಾಜಧಾನಿಯನ್ನು ಹವಾದ ದೃಷ್ಟಿಯಿಂದ ಕಮಠಾಣಕ್ಕೆ ಸ್ಥಳಾಂತರಿಸುವ ಕುರಿತು. ಉಲ್ಲೇಖ ಒಂದು: ಅಹ್ಮದ್ ಷಾ. ಉಲ್ಲೇಖ ಎರಡು: 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣಸೌಧ, ಅರ್ಥಾತ್ ಸದನಕ್ಕೆ ಪ್ರಯಾಣ ಹೊಸದಲ್ಲ. ನೀರಿನ ಚಿಂತೆ ಬೇಡ, 15ನೇ ಶತಮಾನದಲ್ಲೇ ನೌಬಾದಿನಲ್ಲಿ ನೆಲದೊಳಗೆ ಕರೇಜ್ ಕೊರೆದು ನೀರು ಹರಿಸಿದ ಜಿಲ್ಲೆ ನಮ್ಮದು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಕೂಗಳತೆಯಲ್ಲಿದೆ, ಸರ್ಕಾರ ಅಲುಗಾಡಿದಾಗ ನಡೆಯುವ ಕುದುರೆ ವ್ಯಾಪಾರಕ್ಕೆ ತಜ್ಞರ ಕೊರತೆಯಾಗದು. ವಿಧಾನಸೌಧ ಕಟ್ಟಲು ಕಲ್ಲು ಹೊರುವ ಕೈಗಳು ಪುಣೆಗೆ ಹೋಗಬೇಕಿಲ್ಲ, ಆ ಹುಡುಗಿ ಔರಾದಿನ ಶಾಲೆಯಲ್ಲೇ ಹಾಜರಿ ಹೇಳಬಹುದು.

ಕೊನೆಯ ಅಂಶವನ್ನು ನಿನ್ನೆ ರಾತ್ರಿ ಸೇರಿಸಿದೆ. ಕಮಠಾಣ ರಾಜಧಾನಿಯಾದ ಮೇಲೆ ತಪ್ಪು ಮಾಡಿದ ಅಧಿಕಾರಿಗಳನ್ನು ಎತ್ತಂಗಡಿ ಮಾಡಲು ಒಂದು ದೂರದ ಊರು ಬೇಕಾಗುತ್ತದಲ್ಲ, ಅದಕ್ಕೆ ಬೆಂಗಳೂರನ್ನು ಇಟ್ಟುಕೊಳ್ಳಬಹುದು. ಕಣ್ಣೀರಿಡುತ್ತ ಹೊರಟವರನ್ನು ಬಸ್ ನಿಲ್ದಾಣದತನಕ ಕಳಿಸಿ ಬರುವ ಹೊಣೆ ನನ್ನದು. "ಹೆದರಬ್ಯಾಡ್ರಿ ಸಾಹೇಬ್ರ, ಅಲ್ಲಿ ಹವಾ ಅಷ್ಟೇನ್ ಕೆಟ್ಟಿಲ್ಲಂತ" ಎಂದು ಸಮಾಧಾನ ಹೇಳುತ್ತೇನೆ.