ಕುಸ್ತಿ ಕಂಪನಿ ಕಟ್ಟುವ ಕ್ರಮ

ಮೊದಲು ಕುಸ್ತಿ ಕಂಪನಿ ಇರುವ ಒಬ್ಬ ಅಪ್ಪನನ್ನು ಹೊಂದಿಸಿಕೊಳ್ಳಿ. ಕಷ್ಟವೆನಿಸಿದರೆ ಕೈಪಿಡಿಯನ್ನು ಇಲ್ಲಿಗೇ ಮುಚ್ಚಿ ಬೇರೆ ದಂಧೆ ನೋಡಿಕೊಳ್ಳಿ. ವಿನ್ಸ್ ಮೆಕ್‌ಮಹನ್‌ಗೆ ಅಂಥ ಅಪ್ಪ ಇದ್ದರು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕುಸ್ತಿ ಏರ್ಪಡಿಸುತ್ತಿದ್ದ ಅವರ ಕಂಪನಿಯನ್ನು, ಅಂದರೆ ನಾವೆಲ್ಲ ಬಲ್ಲ ಡಬ್ಲ್ಯುಡಬ್ಲ್ಯುಎಫ್ ಅನ್ನು, ಮಗ 1982ರಲ್ಲಿ ಕಂತಿನ ಲೆಕ್ಕದಲ್ಲಿ ಕೊಂಡ. ನೀವೂ ಕೊಂಡುಕೊಳ್ಳಿ. ಅಪ್ಪನ ಆಸ್ತಿ ತಾನಾಗಿ ಬರಲಿ ಎಂದು ಕಾಯಬೇಡಿ. ಹಾಗೆ ಬಂದರೆ ಜತೆಗೆ ಅಪ್ಪನ ಮಾತೂ ಬರುತ್ತದೆ.

ಆ ಮಾತು ಇಷ್ಟೇ: ಪಕ್ಕದವನ ಸೀಮೆಗೆ ಕಾಲಿಡಬಾರದು. 1948ರಲ್ಲಿ ಐಯೋವಾದ ವಾಟರ್ಲೂನಲ್ಲಿ ಕೆಲವು ಪ್ರಮೋಟರುಗಳು ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಕಟ್ಟಿಕೊಂಡು ಅಮೆರಿಕವನ್ನು ಹೊಲದ ಬದು ಹಾಕಿದ ಹಾಗೆ ಹಂಚಿಕೊಂಡಿದ್ದರು. ಆ ಒಕ್ಕೂಟದ ಹೊರಗಿದ್ದವರೂ ಹೆಚ್ಚುಕಡಿಮೆ ಅದೇ ಗಡಿ ಪಾಲಿಸಿದರು. ಹಿರಿಯರ ಈ ಒಡಂಬಡಿಕೆಯನ್ನು ಗಮನವಿಟ್ಟು ಅಭ್ಯಾಸ ಮಾಡಿ. ಗೊತ್ತಿಲ್ಲದ ನಿಯಮವನ್ನು ಪೂರ್ತಿಯಾಗಿ ಮುರಿಯಲು ಯಾರಿಂದಲೂ ಆಗುವುದಿಲ್ಲ.

ಈಗ ಮುರಿಯಿರಿ. ಪಕ್ಕದವನ ಊರಿನ ಟಿವಿಯಲ್ಲಿ ಸಮಯ ಕೊಳ್ಳಿ. ಅವನ ಊರಿನ ಹಾಲನ್ನು ಬಾಡಿಗೆಗೆ ಹಿಡಿಯಿರಿ. ಕೊನೆಗೆ ಅವನ ಆಳುಗಳನ್ನೇ ಹಿಡಿಯಿರಿ. ಮಿನಿಯಾಪೊಲಿಸ್‌ನ ಪ್ರಮೋಟರ್ ವರ್ನ್ ಗಾನ್ಯನಿಂದ ಪೈಲ್ವಾನ್ ಹಲ್ಕ್ ಹೋಗನ್‌ನನ್ನು ಕಿತ್ತುಕೊಂಡ ಮೆಕ್‌ಮಹನ್ ಅಷ್ಟಕ್ಕೇ ನಿಲ್ಲದೆ, ಮೈಕು ಹಿಡಿಯುವ ಜೀನ್ ಓಕರ್ಲಂಡ್, ಮ್ಯಾನೇಜರ್ ಬಾಬಿ ಹೀನನ್ ಇವರನ್ನೂ ಕರೆಸಿಕೊಂಡ. ಅರ್ಧ ಕೆಲಸ ಮಾಡಿ ಬರಬೇಡಿ.

ಊರವರು ಬೈದರೆ ಎದೆಗುಂದಬೇಡಿ. 1984ರ ಜುಲೈ 14ರ ಶನಿವಾರ ಸಂಜೆ ಟಿಬಿಎಸ್ ಚಾನೆಲ್ ಹಾಕಿಕೊಂಡು ಕೂತ ಜಾರ್ಜಿಯಾ ಕುಸ್ತಿಯ ಅಭಿಮಾನಿಗಳಿಗೆ ತಮ್ಮ ಪೈಲ್ವಾನರ ಬದಲು ಮೆಕ್‌ಮಹನ್‌ನ ಮುಖ ಕಂಡಿತು. ಸದ್ದಿಲ್ಲದೆ ಅವನು ಆ ಕಂಪನಿಯ ಷೇರುಗಳನ್ನೇ ಖರೀದಿಸಿಬಿಟ್ಟಿದ್ದ. ದೂರಿನ ಮೇಲೆ ದೂರು ಬಂತು. ಮರುವರ್ಷ ಆ ಟಿವಿ ಸಮಯವನ್ನು ಜಿಮ್ ಕ್ರಾಕೆಟ್ ಎಂಬ ಎದುರಾಳಿಗೇ 10 ಲಕ್ಷ ಡಾಲರಿಗೆ ಮಾರಿದ. ನಿಮ್ಮಿಂದ ನಡೆಸಲಾಗದ್ದನ್ನು ಹೀಗೆ ಶತ್ರುವಿನ ತಲೆಗೆ ಕಟ್ಟಿ, ದುಡ್ಡು ಎಣಿಸಿಕೊಳ್ಳಿ.

ಖಳನಾಯಕನನ್ನು ಅಖಾಡದಲ್ಲಿ ಹುಡುಕುತ್ತ ಹೊತ್ತು ಕಳೆಯಬೇಡಿ, ಪತ್ರಿಕೆಯ ಮುಖಪುಟದಿಂದ ಆರಿಸಿ. ಇರಾನಿನಲ್ಲಿ ಅಮೆರಿಕನ್ನರನ್ನು ಒತ್ತೆಯಿಟ್ಟುಕೊಂಡ ಪ್ರಕರಣ ಅಲ್ಲಿನ ಜನರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ಇರಾನಿನಿಂದ ಬಂದ ಪೈಲ್ವಾನ್ ಐರನ್ ಶೇಕ್‌ಗೆ ತುದಿ ಮೇಲಕ್ಕೆ ಸುರುಳಿ ಸುತ್ತಿದ ಬೂಟು ತೊಡಿಸಿ, 1983ರ ಡಿಸೆಂಬರ್ 26ರಂದು ಚಾಂಪಿಯನ್ ಮಾಡಿದರು. ನಾಲ್ಕೇ ವಾರಕ್ಕೆ, ಜನವರಿ 23ರಂದು, ಹೋಗನ್ ಕೈಯಲ್ಲಿ ಸೋಲಿಸಿದರು. ದೇಶದ ಮಾನ ಉಳಿಯಿತು, ಟಿಕೆಟ್ಟೂ ಹೋಯಿತು. ಖಳನನ್ನು ಆಮೇಲೆ ಎಸೆಯಬೇಡಿ, ಒರೆಸಿ ಇಟ್ಟುಕೊಳ್ಳಿ. 1991ರಲ್ಲಿ ಇರಾಕಿನ ಮೇಲೆ ಯುದ್ಧ ಬಂದಾಗ ಅದೇ ಮನುಷ್ಯನಿಗೆ ಸಮವಸ್ತ್ರ ಹಾಕಿ ಇರಾಕಿನ ಕರ್ನಲ್ ಮುಸ್ತಫಾ ಎಂದು ಇಳಿಸಿದರು. ಇರಾನೂ ಇರಾಕೂ ಎಂಟು ವರ್ಷ ಬಡಿದಾಡಿಕೊಂಡಿದ್ದವಲ್ಲ ಎನ್ನುವ ಪ್ರೇಕ್ಷಕ ಸಿಕ್ಕರೆ ಅವನ ಟಿಕೆಟ್ಟಿನ ದುಡ್ಡು ವಾಪಸ್ ಕೊಡಿ. ನಷ್ಟವೇನೂ ಆಗದು, ಅಂಥವರು ಬರುವುದು ಕಡಿಮೆ.

ಸಂಖ್ಯೆ ಹೇಳುವಾಗ ಸೊನ್ನೆಯಲ್ಲಿ ಮುಗಿಸಬೇಡಿ. ತೊಂಬತ್ತು ಸಾವಿರ ಎಂದರೆ ಅಂದಾಜು. 93,173 ಎಂದರೆ ಯಾರೋ ಕೂತು ತಲೆ ಎಣಿಸಿದ್ದಾರೆ ಎಂದರ್ಥ. ತನ್ನ ವಾರ್ಷಿಕ ಮಹಾಪ್ರದರ್ಶನವಾದ ರೆಸಲ್‌ಮೇನಿಯಾದ ಮೂರನೆಯದಕ್ಕೆ, 1987ರಲ್ಲಿ, ಕಂಪನಿ ಸಾರಿದ್ದು ಈ ಸಂಖ್ಯೆಯನ್ನೇ. ಪತ್ರಕರ್ತ ಡೇವ್ ಮೆಲ್ಟ್ಜರ್ 78,000ದ ಲೆಕ್ಕ ಕೊಟ್ಟ. ಇಂಥವರೊಡನೆ ವಾದಿಸಬೇಡಿ, ನಿಮ್ಮ ಸಂಖ್ಯೆಯನ್ನು ಇನ್ನೊಮ್ಮೆ ಹೇಳಿ. ಅಂಕಿಯ ಮಹಿಮೆ ನಮ್ಮಲ್ಲಿ ತೊಂಬತ್ತರ ದಶಕದ ಹುಡುಗರನ್ನು ಕೇಳಿದರೆ ಗೊತ್ತಾಗುತ್ತದೆ. ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡಿನ ಮೇಲೆ ರ‍್ಯಾಂಕ್, ಎತ್ತರ, ತೂಕ, ಎದೆ, ಬೈಸೆಪ್ಸ್ ಎಂದು ಸಾಲಾಗಿ ಅಚ್ಚಾಗಿರುತ್ತಿತ್ತು. ಮಗ್ಗಿ ಬಾರದವನಿಗೂ ಅಂಡರ್‌ಟೇಕರನ ಎದೆ ಎಷ್ಟು ಇಂಚೆಂದು ಬರುತ್ತಿತ್ತು. ಟೇಪು ಹಿಡಿದು ಅಳೆದವರು ಯಾರೆಂದು ಒಬ್ಬನೂ ಕೇಳಲಿಲ್ಲ.

ಇನ್ನು ಮುಖ್ಯವಾದ ಗುಟ್ಟು. ಕುಸ್ತಿಯ ಫಲಿತಾಂಶ ಮೊದಲೇ ನಿಗದಿಯಾಗಿರುತ್ತದೆ ಎಂಬುದನ್ನು ಪ್ರಾಣ ಹೋದರೂ ಒಪ್ಪಿಕೊಳ್ಳಬೇಡಿ. 1984ರ ಡಿಸೆಂಬರಿನಲ್ಲಿ, ಇದೆಲ್ಲ ಸುಳ್ಳು ಅನಿಸುತ್ತದೆ ಎಂದ ಟಿವಿ ವರದಿಗಾರ ಜಾನ್ ಸ್ಟಾಸೆಲ್‌ಗೆ ಪೈಲ್ವಾನ್ ಡೇವಿಡ್ ಶುಲ್ಟ್ಸ್ ಎರಡೂ ಕಿವಿಗೆ ಒಂದೊಂದು ಬಾರಿಸಿದ. ನಿಷ್ಠೆಯೆಂದರೆ ಇದು. ಆದರೆ ಗುಟ್ಟಿಗೂ ಒಂದು ದರವಿದೆ, ಅದು ಬಂದ ದಿನ ಮಾರಿ. ಐದು ವರ್ಷ ತುಂಬುವ ಮೊದಲೇ, 1989ರಲ್ಲಿ, ಕಂಪನಿ ತಾನಾಗಿ ನ್ಯೂಜೆರ್ಸಿಯ ಸೆನೆಟ್ ಮುಂದೆ ಹೋಗಿ ಇದು ಕ್ರೀಡೆಯಲ್ಲ, ಬರೀ ಮನರಂಜನೆ ಎಂದು ಹೇಳಿಕೊಂಡಿತು. ಕ್ರೀಡೆಯಾದರೆ ಸರ್ಕಾರದ ಕ್ರೀಡಾ ಮಂಡಳಿಯ ಉಸ್ತುವಾರಿ, ಅದರ ಶುಲ್ಕ, ಟಿವಿ ಪ್ರಸಾರದ ಮೇಲಿನ ತೆರಿಗೆ ಎಲ್ಲವೂ ಬೀಳುತ್ತಿತ್ತು. ಸತ್ಯವನ್ನು ಎಲ್ಲರೆದುರು ಹೇಳಿ ಹಣ ಉಳಿಸಿಕೊಳ್ಳುವ ಅವಕಾಶ ವ್ಯಾಪಾರಿಗೆ ಪದೇ ಪದೇ ಸಿಗುವುದಿಲ್ಲ, ಸಿಕ್ಕಾಗ ಬಿಡಬೇಡಿ. ಶುಲ್ಟ್ಸ್ ಅಷ್ಟರಲ್ಲಿ ಕಂಪನಿಯಲ್ಲಿರಲಿಲ್ಲ. ಇದ್ದಿದ್ದರೆ ಯಾರ ಕಿವಿಗೆ ಬಾರಿಸಬೇಕೆಂದು ಗೊಂದಲಪಡುತ್ತಿದ್ದ.

ನಿಮಗಿಂತ ದುಡ್ಡಿರುವ ಎದುರಾಳಿ ಬಂದರೆ ತಾಳ್ಮೆಯಿಂದಿರಿ. ಟೆಡ್ ಟರ್ನರ್‌ನ ಕುಸ್ತಿ ಕಂಪನಿ ಡಬ್ಲ್ಯುಸಿಡಬ್ಲ್ಯು ಸೋಮವಾರದ ಟಿವಿ ರೇಟಿಂಗಿನಲ್ಲಿ 83 ವಾರ ಮುಂದಿತ್ತು. ಹೋಗನ್ ಕೂಡ ಆಗ ಅಲ್ಲೇ. 1999ರ ಜನವರಿ 4ರಂದು ಅವರ ಚಾಂಪಿಯನ್ ಕೆವಿನ್ ನ್ಯಾಶ್, ತನ್ನ ಎದೆಗೆ ಹೋಗನ್ ಬೆರಳು ತಾಗಿಸಿದ್ದಕ್ಕೇ ಅಂಗಾತ ಬಿದ್ದು ಪಟ್ಟ ಬಿಟ್ಟುಕೊಟ್ಟ. 2001ರಲ್ಲಿ ಆ ಕಂಪನಿಯನ್ನು ಮೆಕ್‌ಮಹನ್ ಕೊಂಡ. ಶತ್ರು ತಪ್ಪು ಮಾಡುತ್ತಿರುವಾಗ ಕುರ್ಚಿ ಎಳೆದುಕೊಂಡು ನೋಡಿ.

ಪೈಲ್ವಾನರನ್ನು ಮರೆತೂ ನೌಕರರೆಂದು ಕರೆಯಬೇಡಿ. ಸ್ವತಂತ್ರ ಗುತ್ತಿಗೆದಾರರು ಎನ್ನಿ. ಬೇರೆಯವರ ರಿಂಗ್ ಹತ್ತಬಾರದೆಂದು ಬರೆಸಿಕೊಳ್ಳಿ. ಆರೋಗ್ಯ ವಿಮೆಯನ್ನು ಅವರ ಸ್ವಾತಂತ್ರ್ಯಕ್ಕೆ ಬಿಡಿ. 1986ರಲ್ಲಿ, ಎರಡನೇ ರೆಸಲ್‌ಮೇನಿಯಾಕ್ಕೆ ಮುಂಚೆ, ಪೈಲ್ವಾನ್ ಜೆಸ್ಸಿ ವೆಂಚುರಾ ಸಂಗಾತಿಗಳನ್ನು ಸೇರಿಸಿ ಸಂಘ ಕಟ್ಟೋಣ ಎಂದ. ಸುದ್ದಿ ಮಾಲೀಕನ ಕಿವಿಗೆ ಬಿತ್ತು. ಮುಟ್ಟಿಸಿದವನು ಹೋಗನ್ ಎಂದು ಮುಂದೆ ವೆಂಚುರಾ ಹಾಕಿದ ದಾವೆಯಲ್ಲಿ ಮೆಕ್‌ಮಹನ್‌ನೇ ಹೇಳಿಕೆ ಕೊಟ್ಟ. ಆದ್ದರಿಂದ ನಿಮ್ಮ ನಾಯಕನ ಸಂಭಾವನೆಯಲ್ಲಿ ಜಿಪುಣತನ ತೋರಿಸಬೇಡಿ, ಅಷ್ಟರಲ್ಲಿ ಎರಡು ಕೆಲಸ ಆಗುತ್ತದೆ. ವೆಂಚುರಾ 1999ರಲ್ಲಿ ಮಿನೆಸೋಟ ರಾಜ್ಯದ ಗವರ್ನರ್ ಆದ. ಪೈಲ್ವಾನರ ಸಂಘ ಇವತ್ತಿಗೂ ಆಗಿಲ್ಲ.