ಮೇಜು ಮತ್ತು ಸ್ಟೆಪ್ನಿ: ಸಿಆರ್-ವಿ ವಂಶಾವಳಿ ಕುರಿತು ಒಂದು ಜಿಜ್ಞಾಸೆ

ಹೋಂಡಾ ಸಿಆರ್-ವಿ ಎಂಬ ವಾಹನದ ಚರಿತ್ರೆಯನ್ನು ಪಂಡಿತರು ಇದುವರೆಗೆ ಎಂಜಿನ್ನಿನ ಕಡೆಯಿಂದಲೇ ಬರೆಯುತ್ತ ಬಂದಿದ್ದಾರೆ. ಇದು ಮದುವೆಯ ಚರಿತ್ರೆಯನ್ನು ವಾಲಗದವರ ಕಡೆಯಿಂದ ಬರೆದಂತೆ. ಸದ್ದು ಅಲ್ಲಿದೆ ನಿಜ, ಆದರೆ ಜನ ಬಂದದ್ದು ಊಟಕ್ಕೆ. ಸಿಆರ್-ವಿಯ ಮೂಲದ್ರವ್ಯ ಎಂಜಿನ್ ಅಲ್ಲ, ಮಡಿಸುವ ಮೇಜು ಎಂಬುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಸಾಕ್ಷ್ಯ ನೋಡಿ. 1995ರಲ್ಲಿ ಜಪಾನಿನಲ್ಲಿ ಹುಟ್ಟಿದ ಮೊದಲ ತಲೆಮಾರಿನಲ್ಲಿ, ಹಿಂಬದಿ ಸಾಮಾನು ಇಡುವ ಜಾಗದ ನೆಲಹಲಗೆಯನ್ನು ಎತ್ತಿ ಹೊರಗೆ ತಂದು ಅಡಿಯ ಕಾಲುಗಳನ್ನು ಬಿಡಿಸಿದರೆ ವನಭೋಜನಕ್ಕೆ ಮೇಜು ಸಿದ್ಧ. ಮುಂದಿನ ಎರಡು ಸೀಟುಗಳ ನಡುವೆ ಇನ್ನೊಂದು ಮಡಿಸುವ ತಟ್ಟೆ ಬೇರೆ. ಒಂದೇ ಗಾಡಿಯಲ್ಲಿ ಊಟದ ಪೀಠಗಳು ಎರಡು ಸಿಕ್ಕ ಮೇಲೂ ಅಶ್ವಶಕ್ತಿಯ ಮಾತಾಡುವವರಿಗೆ ಏನು ಹೇಳುವುದು? ಸಿವಿಕ್ ಕಾರಿನಿಂದ ಪಡೆದ ತಳಪಾಯ, ಎರಡು ಲೀಟರಿನ ಪೆಟ್ರೋಲ್ ಎಂಜಿನ್, ಐದು ಸೀಟು, ಇವೆಲ್ಲ ಮೇಜನ್ನು ಮನೆಯಿಂದ ಮರದ ನೆರಳಿಗೆ ಸಾಗಿಸುವ ಪರಿಕರಗಳು ಮಾತ್ರ.

ಹೆಸರಿನ ವಿಷಯದಲ್ಲಿ ಎರಡು ಪಾಠಗಳಿವೆ. ‘ಕಂಫರ್ಟಬಲ್ ರನ್‌ಅಬೌಟ್ ವೆಹಿಕಲ್’, ಅಂದರೆ ಆರಾಮವಾಗಿ ಸುತ್ತಾಡುವ ಗಾಡಿ ಎಂಬುದೊಂದು. ‘ಕಾಂಪ್ಯಾಕ್ಟ್ ರಿಕ್ರಿಯೇಷನಲ್ ವೆಹಿಕಲ್’, ಅಂದರೆ ವಿಹಾರದ ಪುಟ್ಟ ಗಾಡಿ ಎಂಬುದಿನ್ನೊಂದು. ಗ್ರಂಥಸಂಪಾದನೆಯ ನಿಯಮದಂತೆ ಕ್ಲಿಷ್ಟ ಪಾಠವೇ ಮೂಲಪಾಠ. ‘ಪುಟ್ಟ’ ಎಂಬುದನ್ನು ಯಾವ ಲಿಪಿಕಾರನೂ ಸೇರಿಸಬಲ್ಲ. ಗಾಡಿಗೆ ‘ಸುತ್ತಾಟ’ ಎಂದು ಹೆಸರಿಡುವುದಕ್ಕೆ ಧೈರ್ಯ ಬೇಕು. ಮೇಲಾಗಿ ಪುಟ್ಟತನದ ಪಾಠ ಅಳತೆಪಟ್ಟಿಯ ಮುಂದೆ ನಿಲ್ಲುವುದಿಲ್ಲ. ಮೊದಲ ತಲೆಮಾರು ಬೆನ್ನಿನ ಚಕ್ರವೂ ಸೇರಿ ಸುಮಾರು 4.47 ಮೀಟರ್ ಇತ್ತು. ಬೆನ್ನಿನ ಮೇಲೆ ಏನೂ ಇಲ್ಲದ ಆರನೆಯದು ಸುಮಾರು 4.69 ಮೀಟರ್.

ಬೆನ್ನಿನ ಚಕ್ರವೆಂದರೆ ಸ್ಟೆಪ್ನಿ. ವೇಲ್ಸ್‌ನ ಬೀದಿಯೊಂದರ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇನ್ನೂ ಬಾಳುತ್ತಿರುವುದು ಪ್ರತ್ಯೇಕ ಪ್ರಬಂಧದ ವಸ್ತು. ಇಲ್ಲಿ ಮುಖ್ಯವಾದದ್ದು ಮೇಜಿಗೂ ಸ್ಟೆಪ್ನಿಗೂ ಇರುವ ಅವಿನಾಭಾವ. 1995 ಮತ್ತು 2001ರ ತಲೆಮಾರುಗಳಲ್ಲಿ ಸ್ಟೆಪ್ನಿ ಪಕ್ಕಕ್ಕೆ ತೆರೆಯುವ ಹಿಂಬಾಗಿಲಿಗೆ ತೂಗಿತ್ತು, ನೆಲದಲ್ಲಿ ಮೇಜಿತ್ತು. 2006ರ ಮೂರನೆಯದರಲ್ಲಿ ಬಾಗಿಲು ಮೇಲಕ್ಕೆ ತೆರೆಯತೊಡಗಿತು, ಸ್ಟೆಪ್ನಿ ಹಿಂಬದಿಯ ನೆಲದ ಅಡಿಗೆ ಇಳಿಯಿತು, ಮೇಜು ಮಾಯವಾಯಿತು. ಯತ್ರ ಯತ್ರ ಬೆನ್ನ ಮೇಲೆ ಸ್ಟೆಪ್ನಿ, ತತ್ರ ತತ್ರ ನೆಲದಲ್ಲಿ ಮೇಜು: ಹೊಗೆಗೂ ಬೆಂಕಿಗೂ ನೈಯಾಯಿಕರು ಹೇಳುವ ವ್ಯಾಪ್ತಿ ಇದಕ್ಕಿಂತ ಗಟ್ಟಿಯಲ್ಲ. ಮುಂದೆ 2011, 2016, 2022ರ ತಲೆಮಾರುಗಳು ಬಂದವು. ಕೆಲವು ಹೈಬ್ರಿಡ್ ಮಾದರಿಗಳಲ್ಲಂತೂ ಸ್ಟೆಪ್ನಿಯೇ ಹೋಗಿ ಪಂಕ್ಚರ್ ಹಾಕುವ ಕಿಟ್ ಉಳಿಯಿತು. ಆಮೆ ಅಂಗಗಳನ್ನು ಒಳಗೆಳೆದುಕೊಂಡಂತೆ, ಹೊರಗೆ ಹೋಗಲು ಹುಟ್ಟಿದ ಗಾಡಿ ಹೊರಗಿನದನ್ನೆಲ್ಲ ಒಳಗೆಳೆದುಕೊಂಡು ಕೊನೆಗೆ ಕರಗಿಸಿಬಿಟ್ಟಿತು. ಜನರನ್ನೂ ಹಾಗೆಯೇ: ಒಳಗೆ ತಂಪು, ಪರದೆ, ಸಂಗೀತ ಹೆಚ್ಚಿದಷ್ಟೂ ಮರದ ಕೆಳಗೆ ಇಳಿಯುವ ಕಾರಣ ಕಡಿಮೆಯಾಯಿತು.

ಪೂರ್ವಪಕ್ಷಿಗಳು ಸುಮ್ಮನಿರುವವರಲ್ಲ. ಬಾಗಿಲ ಮೇಲೆ ಚಕ್ರವಿದ್ದರೆ ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ಮೊದಲು ತಾಗುವುದು ಅದೇ, ಆ ಪೆಟ್ಟು ಬಾಗಿಲಿಗೂ ಗಾಜಿಗೂ ಬೀಳುತ್ತದೆ. ಪಕ್ಕಕ್ಕೆ ತೆರೆಯಲು ಹಿಂದೆ ಜಾಗ ಬೇಕು. ಆದ್ದರಿಂದ ಸ್ಟೆಪ್ನಿ ಇಳಿದದ್ದು ಬರೀ ಅನುಕೂಲಕ್ಕೆ ಎನ್ನುತ್ತಾರೆ. ಒಪ್ಪಿದೆವು. ಆದರೆ ಕಂಬಕ್ಕೆ ತಾಗುವುದು ಸ್ಟೆಪ್ನಿ, ಶಿಕ್ಷೆಯಾದದ್ದು ಮೇಜಿಗೆ. ಇದಕ್ಕೆ ಅವರಲ್ಲಿ ಉತ್ತರವಿಲ್ಲ. ಎದುರಾಳಿ ಟೊಯೊಟಾ ಆರ್‌ಎವಿ4ರ ಸಾಕ್ಷ್ಯ ನಮಗೆ ತುಸು ಮುಜುಗರದ್ದೆಂಬುದನ್ನು ಮುಚ್ಚಿಡಲಾರೆವು. 1994ರಲ್ಲಿ ಹುಟ್ಟಿದ ಅದು ಮೂರು ತಲೆಮಾರು ಸ್ಟೆಪ್ನಿ ಹೊತ್ತು, ನಾಲ್ಕನೆಯದರಲ್ಲಿ ಇಳಿಸಿತು, ಮೇಜಿನ ಹಂಗಿಲ್ಲದೆ. ಆದರೆ ಹೆಸರಿನಲ್ಲೇ ನಾಲ್ಕು ಚಕ್ರಗಳ ಚಾಲನೆಯನ್ನು ಸಾರುತ್ತ, ಎರಡೇ ಚಕ್ರ ಚಾಲನೆಯ ಮಾದರಿಯನ್ನೂ ಮಾರಿದ ಗಾಡಿಯ ಮಾತನ್ನು ಪ್ರಮಾಣವೆಂದು ಹಿಡಿಯುವುದು ಕಷ್ಟ. ಇನ್ನು ಮಹೀಂದ್ರ ಥಾರ್ ಇಂದಿಗೂ ಸ್ಟೆಪ್ನಿ ಹೊತ್ತು ತಿರುಗುತ್ತದೆ, ಅಲ್ಲಿ ಮೇಜೆಲ್ಲಿ ಎಂಬ ಆಕ್ಷೇಪಕ್ಕೆ ಸಮಾಧಾನ ಸುಲಭ: ಅದು ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕೂತ ಜೀಪಿನ ಜಾತಿ, ನಮ್ಮ ಸೂತ್ರ ಕಾರಿನ ಹೊಟ್ಟೆಯಲ್ಲಿ ಹುಟ್ಟಿದ ಕ್ರಾಸ್‌ಓವರ್‌ಗಳಿಗೆ ಮಾತ್ರ.

ನಾಲ್ಕು ಚಕ್ರ ಚಾಲನೆಯೇ ಇದರ ಆತ್ಮ ಎನ್ನುವವರೂ ಉಂಟು. ಮೊದಲ ಸಿಆರ್-ವಿಯಲ್ಲಿ ಸಾಮಾನ್ಯವಾಗಿ ಎಳೆಯುತ್ತಿದ್ದದ್ದು ಮುಂದಿನ ಚಕ್ರಗಳು. ಅವು ಜಾರಿದರೆ ಎರಡು ಹೈಡ್ರಾಲಿಕ್ ಪಂಪುಗಳ ಒತ್ತಡದಲ್ಲಿ ವ್ಯತ್ಯಾಸ ಬಂದು, ಕ್ಲಚ್ ಹಿಡಿದು, ಹಿಂದಿನವಕ್ಕೆ ಬುಲಾವು ಹೋಗುತ್ತಿತ್ತು. ಕರೆದಾಗ ಮಾತ್ರ ಏಳುವ ಅಂಗವನ್ನು ಆತ್ಮವೆಂದು ಯಾವ ದರ್ಶನವೂ ಒಪ್ಪಿಲ್ಲ. ಮೇಜಾದರೋ ಕರೆಯದಿದ್ದಾಗಲೂ ಸಾಮಾನು ಹೊತ್ತು ಮಲಗಿರುತ್ತಿತ್ತು.

ಭಾರತಕ್ಕೆ 2003ರಲ್ಲಿ ಬಂದದ್ದು ಎರಡನೆಯ ತಲೆಮಾರು, ಎಂದರೆ ಮೇಜಿನ ಕೊನೆಯ ವಂಶಸ್ಥ. ಬುತ್ತಿ ಬಿಚ್ಚಲು ಜಮಖಾನ ಸಾಕೆನ್ನುವ ನಾಡಿಗೆ ಅದು ತಡವಾಗಿ ಬಂತೋ ಬೇಗ ಬಂತೋ ಎಂಬ ಚರ್ಚೆ ಬೇಡ. ಹಳೆಯ ಸಿಆರ್-ವಿ ಕೊಳ್ಳಹೊರಟ ವಿದ್ವಾಂಸರು ಮಾತ್ರ ಬಾನೆಟ್ಟಿಗೆ ಕೈಹಾಕುವ ಮೊದಲು ಹಿಂದಿನ ನೆಲಹಲಗೆಯನ್ನು ಎತ್ತಿ ನೋಡಬೇಕು. ಬೆನ್ನ ಮೇಲೆ ಸ್ಟೆಪ್ನಿಯಿದ್ದೂ ಹಲಗೆಗೆ ಕಾಲಿಲ್ಲದಿದ್ದರೆ, ಆ ಹಲಗೆ ಪ್ರಕ್ಷಿಪ್ತ.