ಫಾರ್ಮ್ಯಾಟ್ ಮಾಮ

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರ ಮನೆಗೆ ಮೊದಲ ಭಾನುವಾರ ತಪ್ಪದೆ ಬರುವವರು ಫಾರ್ಮ್ಯಾಟ್ ಮಾಮ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರಿಗೂ ಇದೆ. ಸಹಕಾರಿ ಬ್ಯಾಂಕಿನ ಕ್ಯಾಷ್ ಕೌಂಟರಿನ ಮೇಲೆ ಅದನ್ನು ಬರೆದು ಇಟ್ಟಿದ್ದಾರೆ. ನೆಂಟರಿಷ್ಟರ ಪೈಕಿ ಮಾತ್ರ ಅದು ಯಾರಿಗೂ ನೆನಪಿಲ್ಲ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಾಗಲೂ ಯಾರೋ ಸಾರಿನ ಬಕೆಟ್ ಹಿಡಿದುಕೊಂಡೇ ಬಗ್ಗಿ, "ಮಾಮ, ನಮ್ಮದು ಆನ್ ಆಗೋಕೇ ಹತ್ತು ನಿಮಿಷ ತಗೊಳ್ತಿದೆ" ಅನ್ನುತ್ತಾರೆ. ಮಾಮ ಅನ್ನದ ಗುಂಡಿಗೆ ಸಾರು ಬೀಳುವುದನ್ನೇ ನೋಡುತ್ತಾ ಹೇಳುವುದು ಒಂದೇ ಮಾತು: "ಫಾರ್ಮ್ಯಾಟ್ ಹೊಡೆದುಬಿಡೋಣ."

ನಿಧಾನವಾಯಿತೇ, ಫಾರ್ಮ್ಯಾಟ್. ಪ್ರಿಂಟರ್ ಸಿಗುತ್ತಿಲ್ಲವೇ, ಫಾರ್ಮ್ಯಾಟ್. ಸೊಸೆ ಯಾವುದೋ ಲಿಂಕ್ ಒತ್ತಿದ್ದಕ್ಕೆ ಪರದೆಯ ತುಂಬ ಜಾಹೀರಾತು ಬರುತ್ತಿದೆಯೇ, ಕೇಳುವುದೇ ಬೇಡ. ಚಾರ್ಜರ್ ಪಿನ್ನು ಸಡಿಲವಾಗಿದ್ದಕ್ಕೂ ಫಾರ್ಮ್ಯಾಟ್ ಹೊಡೆದಿದ್ದಾರೆಂದು ಅವರ ಭಾವಮೈದ ಹೇಳುತ್ತಾನೆ. ಭಾವಮೈದನ ಮಾತಾದ್ದರಿಂದ ಅರ್ಧಕ್ಕೆ ಇಳಿಸಿ ನಂಬಬಹುದು.

ಮಾಮನ ವಿದ್ಯಾಭ್ಯಾಸ ನಡೆದದ್ದು ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಗೆ ಹೋಗುತ್ತಿದ್ದ ಕಾಲದಲ್ಲಿ. ಎ.ಸಿ. ಇದ್ದದ್ದು ಕಂಪ್ಯೂಟರಿಗೆ, ವಿದ್ಯಾರ್ಥಿಗಳಿಗೂ ತಣ್ಣಗಾಗುತ್ತಿದ್ದದ್ದು ಉಪಲಾಭ. ಡಾಸ್, ವರ್ಡ್‌ಸ್ಟಾರ್, ಲೋಟಸ್ ಕಲಿತು ಸರ್ಟಿಫಿಕೇಟ್ ಪಡೆದರು. ಅವುಗಳಲ್ಲಿ ಇಂದಿಗೂ ಚಲಾವಣೆಯಲ್ಲಿರುವುದು ಫಾರ್ಮ್ಯಾಟ್ ಸಿ ಎಂಬ ಒಂದು ಆಜ್ಞೆ ಮಾತ್ರ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ 25 ಅಕ್ಷರಗಳ ಕೀಯನ್ನು ಚೀಟಿ ನೋಡದೆ ಟೈಪ್ ಮಾಡುತ್ತಿದ್ದರು. ಎಕ್ಸ್‌ಪಿಗೆ 2014ರಲ್ಲಿ ಮೈಕ್ರೋಸಾಫ್ಟ್ ಎಳ್ಳುನೀರು ಬಿಟ್ಟಿತು. ಕೀ ಮಾತ್ರ ಮಾಮನ ಬಾಯಲ್ಲಿ ಇನ್ನೂ ಇದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಕೀ ಮದರ್‌ಬೋರ್ಡಿನಲ್ಲೇ ಅಡಗಿರುತ್ತದೆ, ನೆಟ್ ಸಿಕ್ಕೊಡನೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಮಾಮನಿಗೆ ಇದರಿಂದ ಸಂತೋಷವಾಗಿದೆ ಎನ್ನಲಾರೆ. ಬಾಯಿಪಾಠದ ಕಾಲವೇ ಚೆನ್ನಾಗಿತ್ತು.

ರೋಗಿಯ ಮೊದಲ ತಪಾಸಣೆ ಫೋನಿನಲ್ಲಿ.

"ಅಣ್ಣಾ, ಪುಟ್ಟನಿಗೆ ಲ್ಯಾಪ್‌ಟಾಪ್ ತಗೊಂಡ್ವಿ. ಸೆಕೆಂಡ್ ಹ್ಯಾಂಡು. ಐ ಫೈವ್ ಅಂತೆ."

"ಯಾವ ಜನರೇಶನ್ನು?"

"ಮೂಲೆ ಎಲ್ಲಾ ಸವೆದಿದೆ. ನಮ್ಮ ಜನರೇಶನ್ನೇ ಇರಬೇಕು."

ಮಾಮ ನಗುವುದಿಲ್ಲ. ಜನರೇಶನ್ ವಿಷಯದಲ್ಲಿ ಅವರು ಜಾತಕ ನೋಡುವವರಷ್ಟು ಗಂಭೀರ. ಕಾರಣವೂ ಇದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಅಥವಾ ಅದರಾಚೆಯದ್ದಾಗಿರಬೇಕು, ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪು ಇರಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಹಾಗಾಗಿ ಕೆಟ್ಟುಹೋಗದ, ಮುಪ್ಪೂ ಆಗದ ಎಷ್ಟೋ ಲ್ಯಾಪ್‌ಟಾಪುಗಳು ಬರೀ ಹುಟ್ಟಿದ ವರ್ಷದ ದೋಷಕ್ಕೆ ಕೆಲಸ ಕಳೆದುಕೊಂಡವು. ಬೆಂಗಳೂರಿನ ಕಂಪನಿಗಳು ಕೈಬಿಟ್ಟ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್, ಎಲೀಟ್‌ಬುಕ್ಕುಗಳೆಲ್ಲ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಶನಿವಾರ ಮಧ್ಯಾಹ್ನ ಬ್ಯಾಂಕ್ ಮುಗಿಸಿ ಮಾಮ ಆ ಕಡೆ ಸ್ಕೂಟರ್ ತಿರುಗಿಸುತ್ತಾರೆ. ಏನೂ ಕೊಳ್ಳುವುದಿಲ್ಲ. ನಾಲ್ಕು ಮುಚ್ಚಳ ತೆಗೆದು, ಹಿಂಜ್ ಅಲುಗಾಡಿಸಿ, ಬೆಲೆ ಕೇಳಿ, "ಬ್ಯಾಟರಿ ಹೋಗಿರತ್ತೆ ಬಿಡಿ" ಎಂದು ಅಂಗಡಿಯವನಿಗೇ ತಿಳಿಸಿ ಬರುತ್ತಾರೆ.

ಭಾನುವಾರ ಹತ್ತು ಗಂಟೆಗೆ ಪುಟ್ಟನ ಮನೆ. ಲ್ಯಾಪ್‌ಟಾಪನ್ನು ಮಗುಚಿ ಮೊದಲು ಹಿಂಬದಿ ನೋಡುತ್ತಾರೆ. ಅಲ್ಲಿ ಅರ್ಧ ಕಿತ್ತ ಬಾರ್‌ಕೋಡ್ ಚೀಟಿ, ಯಾವುದೋ ಆಫೀಸಿನ ಆಸ್ತಿ ನಂಬರು. ಆಮೇಲೆ ಕೀಬೋರ್ಡಿನ ಮೇಲೆ ಬೆರಳಾಡಿಸುತ್ತಾರೆ.

"ಕಂಟ್ರೋಲು, ಸಿ, ವಿ ಮೂರೇ ಸವೆದಿವೆ. ಸಾಫ್ಟ್‌ವೇರ್ ಎಂಜಿನಿಯರ್‌ದು."

ಪುಟ್ಟ ಬೆರಗಾಗುತ್ತಾನೆ. ಒಳಗಿನಿಂದ ಪುಟ್ಟನ ಅಮ್ಮ ಕೇಳುತ್ತಾಳೆ: "ಅಣ್ಣಾ, ಅಂಗಡಿಯವರೇ ಎಲ್ಲಾ ಹಾಕಿಕೊಟ್ಟಿದ್ದಾರಲ್ಲ, ಮತ್ತೆ ಯಾಕೆ?" ಮಾಮನ ಜನ್ಮದಲ್ಲಿ ಅವರು ನೂರಕ್ಕೆ ನೂರು ಸರಿಯಿರುವ ಸಂದರ್ಭ ಇದೊಂದೇ. ಯಾರೋ ಬಳಸಿ ಬಿಟ್ಟ ಯಂತ್ರದಲ್ಲಿ ಯಾರು ಏನು ಹಾಕಿದ್ದಾರೋ ಬಲ್ಲವರಾರು? ಅಂಗಡಿಯ ಹುಡುಗ ಕದ್ದ ಆಫೀಸು, ಅದನ್ನು ಅಸಲಿ ಎಂದು ನಂಬಿಸುವ ಇನ್ನೊಂದು ಕಳ್ಳ ತಂತ್ರಾಂಶ, ಅದು ಕೆಲಸ ಮಾಡಲೆಂದು ಆ್ಯಂಟಿವೈರಸ್ಸಿಗೆ ಬೀಗ, ಎಲ್ಲವನ್ನೂ ಒಟ್ಟಿಗೆ ಹಾಕಿ "ಫುಲ್ ಲೋಡೆಡ್" ಎಂದು ಕೊಟ್ಟಿರುತ್ತಾನೆ. ಅದರಲ್ಲೇ ಬ್ಯಾಂಕ್ ಪಾಸ್‌ವರ್ಡ್ ಒತ್ತುವ ಧೈರ್ಯ ಬ್ಯಾಂಕಿನವರಾದ ಮಾಮನಿಗಿಲ್ಲ. ಇಲ್ಲಿ ಫಾರ್ಮ್ಯಾಟ್ ಬೇಕೇ ಬೇಕು. ಉಳಿದ ಕಡೆಯೂ ಅವರು ಇದೇ ಆತ್ಮವಿಶ್ವಾಸದಿಂದ ಹೊಡೆಯುತ್ತಾರೆ ಎಂಬುದಷ್ಟೇ ತಕರಾರು.

ಸ್ಕೂಟರ್ ಕೀಗೊಂಚಲಿನಿಂದ ಪೆನ್‌ಡ್ರೈವ್ ಹೊರಬರುತ್ತದೆ. ಮುಚ್ಚಳ ಎಂದೋ ಕಳೆದಿದೆ. ಮೇಲೆ ಮಾರ್ಕರಿನಲ್ಲಿ 'ವಿನ್ 11'. ರೂಫಸ್ ಎಂಬ ಪುಕ್ಕಟೆ ತಂತ್ರಾಂಶದಿಂದ ತಯಾರಿಸಿದ್ದು. ಹಳೆ ಜನರೇಶನ್ನಿಗೂ ಹನ್ನೊಂದನ್ನು ಹತ್ತಿಸುವಂತೆ ತಪಾಸಣೆಯನ್ನೇ ತೆಗೆದುಹಾಕಲು ಅದರಲ್ಲಿ ದಾರಿಯುಂಟು. ಆಮೇಲೆ ಅಪ್‌ಡೇಟ್ ಬರುತ್ತದೆಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ, ಮಾಮ ಕೊಡುತ್ತಾರೆ. ರೂಫಸ್ ಮೊದಲು ಪೆನ್‌ಡ್ರೈವನ್ನೇ ಪೂರ್ತಿ ಅಳಿಸುತ್ತದೆ, ಅಳಿಸುವ ಮುನ್ನ ಎಚ್ಚರಿಸುತ್ತದೆ, ಮಾಮ ಓದದೆ ಓಕೆ ಒತ್ತುತ್ತಾರೆ. ಹಾಗೆ ಅಳಿಸಿಹೋದದ್ದು ನಾದಿನಿಯ ಮಗಳ ಸೀಮಂತದ ಫೋಟೊಗಳು. ಆ ಮನೆಯಲ್ಲಿ ಮಾಮನಿಗೆ ಈಗ ಕಾಫಿ ಇಲ್ಲ.

ಮುಂದಿನ ಹಂತ ಬೂಟ್ ಮೆನು. ಡೆಲ್ ಮತ್ತು ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9. ಮಾಮನಿಗೆ ಇದು ಚೆನ್ನಾಗಿ ಗೊತ್ತು. ಆದರೂ ಆನ್ ಮಾಡಿದ ತಕ್ಷಣ ಎಫ್ ಸಾಲಿನ ಹನ್ನೆರಡನ್ನೂ ಹಾರ್ಮೋನಿಯಂ ನುಡಿಸುವಂತೆ ಬಡಿಯುತ್ತಾರೆ.

ಕೊನೆಗೆ ಬರುತ್ತದೆ ಪಾರ್ಟಿಷನ್ ಪರದೆ. ಇಲ್ಲಿಯವರೆಗೆ ಮಾತಾಡುತ್ತಿದ್ದ ಮಾಮ ಕನ್ನಡಕ ಏರಿಸಿ ಮೌನವಾಗುತ್ತಾರೆ. ಪರದೆಯ ಮೇಲೆ ಡ್ರೈವ್ 0 ಪಾರ್ಟಿಷನ್ ಒಂದು, ಎರಡು, ಮೂರು, ನಾಲ್ಕು. ಒಂದು 100 ಎಂ.ಬಿ.ಯದು, ಇನ್ನೊಂದು 16 ಎಂ.ಬಿ.ಯದು, ಯಾಕಿವೆಯೆಂದು ಯಾರೂ ಕೇಳದ ಚೂರುಪಾರುಗಳು. ಪುಟ್ಟನನ್ನು ಪಕ್ಕಕ್ಕೆ ಕೂರಿಸಿಕೊಂಡು ಪಾಠ ಶುರು. "ಸಿ ಅಂದ್ರೆ ವಿಂಡೋಸಿಗೆ. ಡಿ ನಿನ್ನ ಫೈಲಿಗೆ. ಇ ಸಿನಿಮಾಗೆ." ಎ, ಬಿ ಎಲ್ಲಿ ಎಂದು ಪುಟ್ಟ ಕೇಳಿದ. ಅವು ಫ್ಲಾಪಿಗಳಿಗೆ ಕೊಟ್ಟಿದ್ದ ಅಕ್ಷರ. ಫ್ಲಾಪಿ ಹೋಗಿ ಯಾವ ಕಾಲವಾಯಿತೋ, ಅಕ್ಷರವನ್ನು ಇನ್ನೂ ಖಾಲಿ ಇಟ್ಟಿದ್ದಾರೆ. 256 ಜಿ.ಬಿ. ಡಿಸ್ಕನ್ನು ಹೀಗೆ ಮೂರು ಪಾಲು ಮಾಡುವ ಅಗತ್ಯ ಈಗೇನೂ ಇಲ್ಲ. ಆದರೆ ಮಾಮ ಬಿಡುವುದಿಲ್ಲ. ಆರು ತಿಂಗಳಲ್ಲಿ ಸಿ ಪೂರ್ತಿ ಕೆಂಪಾಗಿ "ಜಾಗವಿಲ್ಲ" ಎಂದು ಬಾಯಿಬಡಿದುಕೊಳ್ಳುತ್ತದೆ, ಪಕ್ಕದ ಇ ಖಾಲಿ ಹೊಡೆಯುತ್ತಿರುತ್ತದೆ. ಆಗ ಪರಿಹಾರಕ್ಕೆ ಮತ್ತೆ ಮಾಮನನ್ನೇ ಕರೆಯಬೇಕು. ಪರಿಹಾರ ಏನೆಂದು ಓದುಗರಿಗೆ ತಿಳಿದಿದೆ.

ಡಿಲೀಟ್ ಒತ್ತುವ ಮುನ್ನ ಅವರು ಕೇಳುವ ಪ್ರಶ್ನೆ ಒಂದಿದೆ. ಕೇಳಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪುಟ್ಟನ ಮನೆಯದು ಖಾಲಿ ಯಂತ್ರ, ಬಚಾವಾಯಿತು. ಹಿಂದಿನ ಬೀದಿಯ ಮನೆಯಲ್ಲಿ ಹೀಗಾಗಿತ್ತು:

"ಬ್ಯಾಕಪ್ ಇದೆಯೇನಮ್ಮ?"

"ಇದೆ ಮಾಮ, ಒಂದೂವರೆ ಗಂಟೆ ಬರತ್ತೆ."

ಮಾಮ ತಲೆಯಾಡಿಸಿ ಡಿಲೀಟ್ ಒತ್ತಿದರು.

ಶೇಕಡಾವಾರು ಏರತೊಡಗಿದ ಮೇಲೆ ಮಾಮನಿಗೆ ಬಿಡುವು. ಉಪ್ಪಿಟ್ಟು ಬರುತ್ತದೆ, ಕಾಫಿ ಬರುತ್ತದೆ. ದುಡ್ಡು ಕೊಡುತ್ತೇನೆಂದರೆ ಮುಖ ಸಿಂಡರಿಸುತ್ತಾರೆ. ಅಂಗಡಿಯಲ್ಲಾದರೆ ಇದಕ್ಕೆ ಎಷ್ಟು ಕೀಳುತ್ತಿದ್ದರು ಎಂಬ ಲೆಕ್ಕವನ್ನು ಮಾತ್ರ ಎರಡು ಸಲ ಹೇಳುತ್ತಾರೆ. ಜೊತೆಗೆ ಬಂದ ಅತ್ತೆ ಸೋಫಾದಿಂದಲೇ, "ನಮ್ಮನೆ ನಲ್ಲಿ ಯುಗಾದಿಯಿಂದ ತೊಟ್ಟಿಕ್ಕುತ್ತಿದೆ, ಅದಕ್ಕೆ ಒಂದು ವಾಷರ್ ಹಾಕೋಕೆ ಪುರುಸೊತ್ತಿಲ್ಲ ಇವರಿಗೆ" ಎಂದರೆ, ಮಾಮನ ಕಣ್ಣು ಪರದೆ ಬಿಟ್ಟು ಅಲ್ಲಾಡುವುದಿಲ್ಲ.

ವಿಂಡೋಸ್ ಏರಿದ ಮೇಲೆ ವೈಫೈ ಇರುವುದಿಲ್ಲ. ವೈಫೈ ಡ್ರೈವರ್ ನೆಟ್ಟಿನಲ್ಲಿದೆ; ನೆಟ್ಟಿಗೆ ವೈಫೈ ಬೇಕು. ಪುಟ್ಟನ ಫೋನನ್ನೇ ಕೇಬಲ್ಲಿನಲ್ಲಿ ಸಿಕ್ಕಿಸಿ, ಯು.ಎಸ್.ಬಿ. ಟೆದರಿಂಗ್ ಒತ್ತಿ ಮಾಮ ಈ ಗಂಟನ್ನು ಬಿಡಿಸುವುದು ನೋಡಲು ಚೆಂದ. ಆದರೆ ಪುಟ್ಟನ ಲ್ಯಾಪ್‌ಟಾಪಿಗೆ ನೆಟ್ ಸಿಕ್ಕಿದ್ದೇ ತಡ, ಪರದೆಯ ಮೇಲೆ ದೊಡ್ಡದೊಂದು ಕಂಪನಿಯ ಲಾಂಛನ ಮೂಡಿತು. ಕೆಳಗೆ ಸ್ವಾಗತ, ಅದರ ಕೆಳಗೆ ಆಫೀಸಿನ ಇಮೇಲ್ ಮತ್ತು ಪಾಸ್‌ವರ್ಡ್ ಕೊಡಿ ಎಂಬ ಖಾನೆ. ಪಿಯುಸಿ ಹುಡುಗನಿಗೆ ಇಂಟರ್‌ವ್ಯೂ ಇಲ್ಲದೆ ಕೆಲಸ ಸಿಕ್ಕಂತಿತ್ತು.

ಮಾಮ ಇನ್ನೊಮ್ಮೆ ಫಾರ್ಮ್ಯಾಟ್ ಹೊಡೆದರು. ಮತ್ತೆ ಅದೇ ಲಾಂಛನ. ವಿಷಯ ಇಷ್ಟೆ: ದೊಡ್ಡ ಕಂಪನಿಗಳು ತಮ್ಮ ಲ್ಯಾಪ್‌ಟಾಪುಗಳ ಗುರುತನ್ನು ಆಟೊಪೈಲಟ್ ಎಂಬ ವ್ಯವಸ್ಥೆಯಲ್ಲಿ ಮೈಕ್ರೋಸಾಫ್ಟಿಗೆ ಬರೆಸಿಟ್ಟಿರುತ್ತವೆ. ಮಾರುವಾಗ ಆ ಹೆಸರು ತೆಗೆಸದಿದ್ದರೆ, ಡಿಸ್ಕನ್ನು ಎಷ್ಟು ತೊಳೆದರೂ, ಹೊಸ ಡಿಸ್ಕನ್ನೇ ಹಾಕಿದರೂ ಯಂತ್ರ ಹಳೆಯ ಯಜಮಾನನನ್ನೇ ಕೇಳುತ್ತದೆ. ಪಟ್ಟಿ ಇರುವುದು ದೂರದ ಸರ್ವರಿನಲ್ಲಿ. ಸಿ ಡ್ರೈವಿನಲ್ಲಿ ಅಲ್ಲ. ಫಾರ್ಮ್ಯಾಟ್ ಹೊಡೆದರೂ ಹೋಗದ ಕಾಯಿಲೆಯೊಂದು ಲೋಕದಲ್ಲಿ ಉಂಟು ಎಂಬ ಸಂಗತಿ ಮಾಮನ ಮುಖದ ಮೇಲೆ ನಿಧಾನವಾಗಿ ಇಳಿಯುವುದನ್ನು ಮನೆಮಂದಿಯೆಲ್ಲ ನೋಡಿದರು. ಅಂಗಡಿಗೆ ಫೋನ್ ಮಾಡಿದರೆ ಆತ, "ಸಾರ್, ನೆಟ್ ಹಾಕಿ ಇನ್‌ಸ್ಟಾಲ್ ಮಾಡಿದ್ರಾ? ನೆಟ್ ಹಾಕಬಾರದು ಸಾರ್, ಹಾಕದಿದ್ರೆ ಅದು ಕೇಳೋದೇ ಇಲ್ಲ" ಎಂದ. ಮಾಮ ಫೋನಿನಲ್ಲೇ ಎದ್ದುನಿಂತು ಜಗಳವಾಡಿದರು. ಸೋಮವಾರ ಅರ್ಧ ದಿನ ರಜೆ ಹಾಕಿ ಹೋಗಿ ಬೇರೆ ಲ್ಯಾಪ್‌ಟಾಪ್ ಬದಲಿಸಿಕೊಂಡೇ ಬಂದರು. ತಂಗಿಯ ಮಗನ ಕೆಲಸಕ್ಕೆ ರಜೆ ಹಾಕುವ ಮಾಮಂದಿರು ಈಗ ಎಷ್ಟು ಜನ ಇದ್ದಾರೆ, ಅದನ್ನೂ ಹೇಳಬೇಕಲ್ಲ.

ಮಾಮನ ಖ್ಯಾತಿಗೆ ನಿಜವಾದ ಪೆಟ್ಟು ಬಿದ್ದದ್ದು ನಿವೃತ್ತ ಕನ್ನಡ ಮೇಷ್ಟರ ಮನೆಯಲ್ಲಿ. ಮೇಷ್ಟರು ತಮ್ಮ ಲೇಖನಗಳನ್ನೆಲ್ಲ ನುಡಿಯಲ್ಲಿ ಟೈಪ್ ಮಾಡಿ ಡಿ ಡ್ರೈವಿನಲ್ಲಿ ಇಟ್ಟಿದ್ದರು. ಮಾಮ ಡಿಯನ್ನು ಮುಟ್ಟಲಿಲ್ಲ, ಸಿಯನ್ನು ಮಾತ್ರ ಒರೆಸಿದರು. ಫೈಲುಗಳೆಲ್ಲ ಕ್ಷೇಮ. ಮೇಷ್ಟರು ತಮ್ಮ ಪ್ರಬಂಧ ತೆರೆದರು, ಕನ್ನಡಕ ಒರೆಸಿಕೊಂಡರು, ಮತ್ತೆ ನೋಡಿದರು.

"ಏನಪ್ಪಾ, ನನ್ನ ಕನ್ನಡದಲ್ಲಿ ಪೌಂಡಿನ ಗುರುತು ಯಾಕೆ ಬಂತು?"

ಬಂದಿತ್ತು ನಿಜ. ಕನ್ನಡ ಗಣಕ ಪರಿಷತ್ತಿನ ಹಳೆಯ ನುಡಿ ಫಾಂಟುಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಕ ಅಕ್ಷರದ ಜಾಗ ಪಿ, ನ ಅಕ್ಷರದ ಜಾಗ ಪೌಂಡ್. ಫಾಂಟು ಇದ್ದಷ್ಟು ದಿನ ಗುಟ್ಟು ಗುಟ್ಟಾಗಿತ್ತು. ಅದು ಸಿಯೊಡನೆ ಅಳಿದ ಮೇಲೆ ಕನ್ನಡವೆಂಬ ಮೂರಕ್ಷರ ಪಿಯಿಂದ ಶುರುವಾಗಿ, ಪೌಂಡಿನ ಮೇಲೆ ಹಾದು, ತಲೆಗೆ ಚಿಕ್ಕ ಗೀಟು ಹೊತ್ತ ಎಗಳ ಸಾಲಾಗಿ ನಿಂತಿತ್ತು. ಮೇಷ್ಟರು ಜೀವಮಾನವಿಡೀ ಕಾಗುಣಿತ ತಿದ್ದಿದವರು. "ಇದು ವೈರಸ್ಸೋ, ಅಪಶಬ್ದವೋ?" ಎಂದು ಕೇಳಿದರು. ಮಾಮ ಅಭ್ಯಾಸಬಲದಿಂದ, "ಮೇಷ್ಟ್ರೇ, ಇನ್ನೊಂದು ಸಲ ಫಾರ್ಮ್ಯಾಟ್..." ಎಂದು ಬಾಯಿ ತೆರೆದರು. ಮೇಷ್ಟರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡರು. ನುಡಿಯನ್ನು ಮತ್ತೆ ಹಾಕಿದ ಕೂಡಲೇ ಎಲ್ಲ ಸರಿಹೋಯಿತು. ಮೇಷ್ಟರ ವಿಶ್ವಾಸ ಮಾತ್ರ ಹಿಂದಿರುಗಲಿಲ್ಲ.

ಮಾಮನಿಗೊಂದು ಹಳೆಯ ಪ್ರೇಮಪ್ರಕರಣವೂ ಇದೆ, ಲಿನಕ್ಸಿನದು. ಉಬುಂಟು ಸಿ.ಡಿ.ಗಳನ್ನು ಅದರ ಕಂಪನಿ ಕೇಳಿದವರಿಗೆಲ್ಲ ಪುಕ್ಕಟೆ ಅಂಚೆಯಲ್ಲಿ ಕಳಿಸುತ್ತಿದ್ದ ಕಾಲದಲ್ಲಿ, ಮಾಮ ಮನೆಮಂದಿಯ ಹೆಸರಿನಲ್ಲೆಲ್ಲ ತರಿಸಿದ್ದರು. 2011ರಲ್ಲಿ ಆ ಕೊಡುಗೆ ನಿಂತಿತು. ಉಳಿದ ಸಿ.ಡಿ.ಗಳು ಮಾಮನ ತಾರಸಿಯ ಮೇಲೆ ದಾರದಲ್ಲಿ ನೇತಾಡಿ ಪಾರಿವಾಳ ಓಡಿಸುತ್ತಿವೆ. ಇಂದಿಗೂ ತೀರಾ ಹಳೆಯ ಯಂತ್ರ ಕಂಡರೆ ಮಾಮ ಲಿನಕ್ಸ್ ಮಿಂಟ್ ಹಾಕುತ್ತಾರೆ, ಅದು ಸಲೀಸಾಗಿ ಓಡುತ್ತದೆ. ಟ್ಯಾಲಿ ಬೇಕೆನ್ನುವವರು ಮರುದಿನವೇ ವಾಪಸ್ ತರುತ್ತಾರೆ. ಯೂಟ್ಯೂಬಿನಲ್ಲಿ ದೇವರನಾಮ ಕೇಳುವ ಅವರ ದೊಡ್ಡಮ್ಮ ಮಾತ್ರ ವಿಂಡೋಸ್ ಹೋಗಿ ಮಿಂಟ್ ಬಂದದ್ದನ್ನು ಇದುವರೆಗೆ ಗಮನಿಸಿಲ್ಲ. "ನೀನು ಧೂಳು ಒರೆಸಿದ ಮೇಲೆ ಚೆನ್ನಾಗಿದೆ ಕಣೋ" ಎನ್ನುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಮಾಮ ವಾಸಿ ಮಾಡುವ ಬಹುಪಾಲು ಲ್ಯಾಪ್‌ಟಾಪುಗಳ ರೋಗ ವಿಂಡೋಸಿನದಲ್ಲ, ತಿರುಗುವ ಹಳೆ ಹಾರ್ಡ್‌ಡಿಸ್ಕಿನದು. ಅದನ್ನು ತೆಗೆದು ಎಸ್‌.ಎಸ್‌.ಡಿ. ಹಾಕಿ, ನಾಲ್ಕು ಜಿ.ಬಿ. ರ್‍ಯಾಮ್ ಇದ್ದಲ್ಲಿ ಎಂಟು ಮಾಡಿದರೆ ಅರ್ಧ ಜನ ಮಾಮನನ್ನು ಕರೆಯುವುದೇ ಇಲ್ಲ. ಇದು ಮಾಮನಿಗೂ ಗೊತ್ತು. ಮೊದಲು ಫಾರ್ಮ್ಯಾಟ್ ಹೊಡೆದು ನೋಡುತ್ತಾರೆ, ಆಮೇಲೆ ಎಸ್‌.ಎಸ್‌.ಡಿ. ತರಿಸುತ್ತಾರೆ, ಅದನ್ನು ಹಾಕಿದ ಮೇಲೆ ಹೇಗೂ ಇನ್ನೊಮ್ಮೆ ಎಲ್ಲ ಹೊಸದಾಗಿ ಹಾಕಲೇಬೇಕಲ್ಲ.

ನಿಮ್ಮ ಕಡೆಯೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಭಾನುವಾರ ಅವರನ್ನು ಕರೆಯುವುದಿದ್ದರೆ ಶನಿವಾರ ರಾತ್ರಿಯೇ ಫೋಟೊ, ಫೈಲುಗಳನ್ನು ಬೇರೆ ಡಿಸ್ಕಿಗೆ ಹಾಕಿಟ್ಟುಕೊಳ್ಳಿ. ಡೆಸ್ಕ್‌ಟಾಪಿನ ಮೇಲೆ ಸುರಿದುಕೊಂಡದ್ದನ್ನೂ ಮರೆಯಬೇಡಿ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲೇ.